ನಾನು ಅಳಿಸಿದ ಝೇಂಕಾರ

ಆಗಲ್ಲ ಎಂದವರು ನಮ್ಮ ದೊಡ್ಡಪ್ಪ. ಗೌರಿಬಿದನೂರಿನ ನಮ್ಮ ಮೈಕ್‌ಸೆಟ್ ಅಂಗಡಿಯ ಮುಂದೆ ಕೂತು, ಸುಟ್ಟುಹೋದ ಹಾರ್ನ್ ಒಂದರ ಕಾಯಿಲ್ ಬಿಚ್ಚುತ್ತ, ತಲೆಯೆತ್ತದೆ ಹೇಳಿದ್ದರು: “ಮದುವೆ ಮನೇಲಿ ಮೈಕ್ ಕಟ್ಟೋರ ಮಗಳಿಗೆ ಡಿಗ್ರಿ ಯಾರಮ್ಮ ಕೊಡ್ತಾರೆ? ಅದೂ ಮೈಕ್ ಕಟ್ಟೋದಕ್ಕೇ ಡಿಗ್ರಿ ಅಂತೀಯ. ಆಗಲ್ಲ ಬಿಡು.” ದ್ವೇಷದ ಮಾತಲ್ಲ ಅದು. ನಮ್ಮ ಮನೆಯಲ್ಲಿ ಪಿಯುಸಿ ಪಾಸಾದವರೇ ಇರಲಿಲ್ಲ. ನಾನು ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಸ್ಟೇಜ್ ಸೌಂಡ್ ಕೆಲಸ ಮಾಡಿ, ಡಿಪ್ಲೊಮಾದವರನ್ನು ನೇರವಾಗಿ ಡಿಗ್ರಿಯ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವ ಕೋರ್ಸೊಂದನ್ನು ಐರ್ಲೆಂಡಿನ ಅತ್ಲೋನ್‌ನಲ್ಲಿ ಹುಡುಕಿಕೊಂಡು ಹೊರಟಾಗಲೂ ಅವರ ಅಭಿಪ್ರಾಯ ಬದಲಾಗಿರಲಿಲ್ಲ. ಅವರ ಮಾತು ನಿಜವಾಗಿಯೇ ಬಿಡುತ್ತದೆ ಎಂದು ನನಗೇ ಅನ್ನಿಸಿದ ನಾಲ್ಕು ತಿಂಗಳ ಕಥೆ ಇದು. ಉಳಿದದ್ದು ಇಲ್ಲಿ ಬೇಡ.

ಕೋರ್ಸಿನ ಅರ್ಧ ಭಾರ ಒಂದೇ ಪ್ರಾಜೆಕ್ಟಿನ ಮೇಲಿತ್ತು. ಮೂರು ಹಾಡು ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ, ಹೇಗೆ ಮಾಡಿದೆ, ಯಾಕೆ ಮಾಡಿದೆ ಎಂದು ವರದಿ ಬರೆದು ಒಪ್ಪಿಸಬೇಕು. ನಾನು ಆರಿಸಿಕೊಂಡ ವಿಷಯ, ಈಗಿನ ರಾಕ್ ಸಂಗೀತದಲ್ಲಿ ಜಪಾನಿನ ಹಳೆಯ ವಾದ್ಯಗಳು. ಸೌಂಡ್ ಕೆಲಸದವರಿಗೆ ಅದು ಒಳ್ಳೆಯ ತಲೆನೋವು. ಟೈಕೊ ಎಂಬ ದೊಡ್ಡ ಡೋಲು ಬೇಸ್ ಗಿಟಾರನ್ನು ನುಂಗುತ್ತದೆ. ಶಾಕುಹಾಚಿ ಎಂಬ ಬಿದಿರಿನ ಕೊಳಲಿನ ಉಸಿರು ಡ್ರಮ್ಸಿನ ಅಡಿಯಲ್ಲಿ ಸತ್ತುಹೋಗುತ್ತದೆ. ಇವೆಲ್ಲಕ್ಕಿಂತ ಹಟಮಾರಿ ಶಾಮಿಸೆನ್: ಉದ್ದ ಕತ್ತು, ಚರ್ಮ ಬಿಗಿದ ಚೌಕದ ಹೊಟ್ಟೆ, ಮೂರೇ ತಂತಿ. ದೋಸೆ ಮಗುಚುವ ಸಟ್ಟುಗದಂಥ ಅಗಲವಾದ ಪ್ಲೆಕ್ಟ್ರಮ್ ಹಿಡಿದು ತಂತಿಯನ್ನೂ ಚರ್ಮವನ್ನೂ ಒಟ್ಟಿಗೇ ಹೊಡೆಯುತ್ತಾರೆ. ಅದರ ದನಿ ಎಲೆಕ್ಟ್ರಿಕ್ ಗಿಟಾರ್ ಇರುವ ಜಾಗದಲ್ಲೇ ಬಂದು ಕೂರುತ್ತದೆ. ಇಬ್ಬರಿಗೂ ಜಾಗ ಮಾಡಿಕೊಡುವುದು ಹೇಗೆ ಎನ್ನುವುದೇ ನನ್ನ ಪ್ರಶ್ನೆ.

ಡಬ್ಲಿನ್ನಿನ ಒಂದು ಪುಟ್ಟ ಬ್ಯಾಂಡ್ ಒಪ್ಪಿಕೊಂಡಿತು. ಗಿಟಾರ್, ಬೇಸ್, ಡ್ರಮ್ಸ್ ಐರಿಷ್ ಹುಡುಗರದು. ಶಾಮಿಸೆನ್ ನುಡಿಸುವಾಕೆ ಉತ್ತರ ಜಪಾನಿನಿಂದ ಬಂದು ಡಬ್ಲಿನ್ ಹೊರವಲಯದ ಆಡಮ್ಸ್‌ಟೌನಿನಲ್ಲಿ ಸಂಸಾರ ಮಾಡಿಕೊಂಡಿದ್ದ, ನಲವತ್ತರ ಆಸುಪಾಸಿನ ಹೆಂಗಸು. ಒಂಬತ್ತನೇ ವಯಸ್ಸಿನಿಂದ ಅದನ್ನೇ ಕಲಿತವರು. ನಾನು ಅವರ ವಾದ್ಯವನ್ನು ಕೇಳಿದ್ದು ಕಂಪ್ಯೂಟರಿನ ಲೈವ್‌ಸ್ಟ್ರೀಮ್‌ನಲ್ಲಿ ಮಾತ್ರ. ಜನವರಿಯಲ್ಲಿ ಎಲ್ಲರನ್ನೂ ಕಾಲೇಜಿನ ಸ್ಟುಡಿಯೊಗೆ ಕರೆಸಿ ನಾಲ್ಕು ದಿನದಲ್ಲಿ ಮುಗಿಸುವುದೆಂದು ನಿಗದಿಯಾಗಿತ್ತು.

ಕ್ರಿಸ್‌ಮಸ್ ಮುಗಿದದ್ದೇ ಮತ್ತೆ ಲಾಕ್‌ಡೌನ್ ಬಂತು. ಸ್ಟುಡಿಯೊಗೆ ಬೀಗ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ರೈಲು ಓಡುತ್ತಿತ್ತು, ಹತ್ತಲು ನನಗೆ ಕಾರಣವಿರಲಿಲ್ಲ. ಊರಿನಲ್ಲಿ ಮದುವೆಗಳು ನಿಂತು, ನಮ್ಮ ಅಂಗಡಿಯ ಶಟರ್ ಎತ್ತಿ ತಿಂಗಳುಗಳೇ ಆಗಿದ್ದವು. ನನ್ನ ವೀಸಾ ಬೇಸಿಗೆಗೆ ಮುಗಿಯುತ್ತಿತ್ತು. ಈ ಸಲ ಆಗಲಿಲ್ಲವೆಂದರೆ ಇನ್ನೊಂದು ಸಲ ಎಂಬುದು ನಮ್ಮ ಮನೆಯ ಮಟ್ಟಿಗೆ ಇರಲಿಲ್ಲ.

ಹಾಗಾಗಿ ಒಬ್ಬೊಬ್ಬರೂ ಅವರವರ ಮನೆಯಲ್ಲೇ ನುಡಿಸಿ ಕಳಿಸುವುದೆಂದು ಮಾಡಿದೆ. ಮೊದಲು ತಾಳದ ಟಿಕ್ ಟಿಕ್ ಸದ್ದಿನ ಮೇಲೆ ಗಿಟಾರಿನ ಒಂದು ಕಚ್ಚಾ ಟ್ರ್ಯಾಕ್ ಮಾಡಿಸಿ ಎಲ್ಲರಿಗೂ ಹಂಚಿದೆ. ಡ್ರಮ್ಸಿನವನು ಗ್ಯಾರೇಜಿನಲ್ಲಿ, ಗಿಟಾರಿನವನು ಮಲಗುವ ಕೋಣೆಯಲ್ಲಿ. ಶಾಮಿಸೆನ್ನಿನವರಿಗೆ ಬ್ಯಾಂಡಿನವರು ಒಂದು ಮೈಕನ್ನೂ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರೆಕಾರ್ಡರನ್ನೂ ಕೊರಿಯರ್ ಮಾಡಿದರು. ಮೈಕ್ ಎಲ್ಲಿಡಬೇಕೆಂದು ನಾನು ಎರಡು ಪುಟ ಬರೆದು ಕಳಿಸಿದೆ: ಚರ್ಮದಿಂದ ಒಂದೂವರೆ ಗೇಣು ದೂರ, ಸ್ವಲ್ಪ ಓರೆಯಾಗಿ, ಪ್ರತಿಧ್ವನಿ ಬಾರದಂತೆ ಬಟ್ಟೆಯ ಬೀರುವಿನ ಬಾಗಿಲು ತೆರೆದು ಅದರೊಳಗೆ ಮುಖ ಮಾಡಿ ಕೂರಬೇಕು.

ನನ್ನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದವರು ಮೈಸೂರಿನಲ್ಲಿ ಓದಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಡಾಕ್ಟರಕ್ಕ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ಮಾಸ್ಕಿನ ಗೆರೆ ಕೆನ್ನೆಯ ಮೇಲೆ ಇಟ್ಟುಕೊಂಡೇ ಅಡುಗೆಮನೆಗೆ ಬಂದು ನನ್ನ ಎರಡು ಪುಟ ಓದಿದರು.

“ಬೀರು ಒಳಗೆ ಮುಖ ಇಟ್ಕೊಂಡು ವಾದ್ಯ ನುಡಿಸಿ ಅಂದ್ಯಾ? ಆಯಮ್ಮ ಇನ್ನೂ ನಿನ್ನ ಜೊತೆ ಮಾತಾಡ್ತಿದಾರಾ?”

“ಅವರು ತುಂಬಾ ಒಳ್ಳೆಯವರು ಅಕ್ಕ. ಏನ್ ಹೇಳಿದ್ರೂ ಮಾಡ್ತಾರೆ.”

“ಅದೇ ತೊಂದ್ರೆ ಕಣೇ,” ಎಂದು ಅವರು ಮಲಗಲು ಹೋದರು.

ಮೊದಲ ಫೈಲು ಬಂತು. ಹೆಡ್‌ಫೋನ್ ಹಾಕಿಕೊಂಡು ಹತ್ತು ಸೆಕೆಂಡ್ ಕೇಳುವಷ್ಟರಲ್ಲಿ ನನ್ನ ಬೆನ್ನು ನೆಟ್ಟಗಾಯಿತು. ಗುಂಯ್.

ಮೈಕ್‌ಸೆಟ್ ಮನೆಯಲ್ಲಿ ಹುಟ್ಟಿದವರಿಗೆ ಈ ಸದ್ದು ಗೊತ್ತು. ಧಾರೆಯ ಹೊತ್ತಿಗೆ ಸ್ಪೀಕರ್ ಗುಂಯ್ ಎಂದರೆ ಇಡೀ ಛತ್ರ ತಿರುಗಿ ಅಪ್ಪನನ್ನು ನೋಡುತ್ತದೆ. ಎಲ್ಲೋ ಅರ್ತ್ ಬಿಟ್ಟಿರುತ್ತದೆ, ಇಲ್ಲವೇ ಕರೆಂಟಿನ ವೈರು ಮೈಕಿನ ವೈರಿನ ಮೇಲೆ ಹಾದಿರುತ್ತದೆ. ಅಪ್ಪ ಓಡುತ್ತಿದ್ದರು. ಹಿಂದೆ ಟಾರ್ಚ್ ಹಿಡಿದು ನಾನು. ಗುಂಯ್ ಎಂಬುದು ನಮಗೆ ಅವಮಾನದ ಸದ್ದು. ಅದು ಕೇಳಿದಾಗ ನಾವು ಯೋಚಿಸುವುದಿಲ್ಲ, ಓಡುತ್ತೇವೆ.

ಇಲ್ಲೂ ಓಡಿದೆ. ರೆಕಾರ್ಡರನ್ನು ಬ್ಯಾಟರಿಯ ಮೇಲೆ ನಡೆಸಿ ಎಂದು ಬರೆದೆ. ಅವರು ಮೂರೂ ಹಾಡುಗಳನ್ನು ಮತ್ತೆ ನುಡಿಸಿ ಕಳಿಸಿದರು. ಫ್ರಿಜ್ ಆರಿಸಿ ಎಂದೆ. ಮತ್ತೆ ನುಡಿಸಿದರು. ಕಿಟಕಿ ಮುಚ್ಚಿ, ಮನೆ ಬಿಸಿ ಮಾಡುವ ಬಾಯ್ಲರನ್ನು ಪ್ರತಿ ಸಲ ನುಡಿಸುವ ಮುಂಚೆ ಆರಿಸಿ, ಆಮೇಲೆ ಹಾಕಿಕೊಳ್ಳಿ ಎಂದೆ. ಒಂದು ಸಲವೂ ಅವರು ಯಾಕೆ ಎನ್ನಲಿಲ್ಲ. “ಕ್ಷಮಿಸಿ, ಇನ್ನೊಮ್ಮೆ ನುಡಿಸಿ ಕಳಿಸುತ್ತೇನೆ” ಎಂಬ ಒಂದೇ ಸಾಲು ಬರುತ್ತಿತ್ತು. ಅವರ ಚಿಕ್ಕ ರೆಕಾರ್ಡರಿನಲ್ಲಿ ಜಾಗವಿಲ್ಲದ್ದರಿಂದ ಪ್ರತಿ ಸಲ ಹಳೆಯದನ್ನು ಅಳಿಸಿ ಹೊಸದನ್ನು ನುಡಿಸುತ್ತಿದ್ದರು.

ನಾಲ್ಕನೇ ಸುತ್ತಿನಲ್ಲಿ ಕರೆಂಟಿನ ಸದ್ದು ಪೂರ್ತಿ ಹೋಗಿತ್ತು. ಇನ್ನೊಂದು ಉಳಿದಿತ್ತು. ಮೊದಲನೆಯ ದಪ್ಪ ತಂತಿ ಮೀಟಿದಾಗಲೆಲ್ಲ ಒಂದು ಝೇಂಕಾರ ಎದ್ದು, ತಂತಿಯ ಜೊತೆಗೇ ಇಳಿದುಹೋಗುತ್ತಿತ್ತು. ಕರೆಂಟಿನ ಸದ್ದು ತಂತಿಯನ್ನು ನೋಡಿಕೊಂಡು ಏಳುವುದಿಲ್ಲ, ಇಳಿಯುವುದಿಲ್ಲ. ಅಷ್ಟು ನನಗೆ ತಿಳಿದಿತ್ತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ ಕೂಡ: “ಬೀರುವಿನ ಬಾಗಿಲು ಅದುರುತ್ತಿರಬೇಕು.” ಅವರನ್ನೇ ಒಂದು ಮಾತು ಕೇಳಬಹುದಿತ್ತು. ಐದನೇ ಸಲ ತೊಂದರೆ ಕೊಡಲು ನಾಚಿಕೆಯಾಯಿತು. ಪರವಾಗಿಲ್ಲ, ನಾನೇ ತೆಗೆದುಬಿಡುತ್ತೇನೆ ಎಂದುಕೊಂಡೆ. ನನಗೆ ಬರುವ ಕೆಲಸ ಅದು ಎಂಬ ಜಂಬವೂ ಇತ್ತು.

ಸದ್ದನ್ನು ಚಿತ್ರ ಮಾಡಿ ತೋರಿಸುವ ಸಾಫ್ಟ್‌ವೇರ್ ಇದೆ. ಎಡದಿಂದ ಬಲಕ್ಕೆ ಹೊತ್ತು, ಕೆಳಗಿನಿಂದ ಮೇಲಕ್ಕೆ ಶ್ರುತಿ. ಪ್ರತಿ ಸ್ವರ ಒಂದು ದಪ್ಪ ಗೆರೆಯಾಗಿ ಕಾಣುತ್ತದೆ. ಈ ಝೇಂಕಾರ ಗೆರೆಯ ಮೇಲೆ ನವಿರಾದ ಎಳೆಗಳಾಗಿ, ಹತ್ತಿಪ್ಪತ್ತು ಎಳೆಗಳಾಗಿ ನಿಂತಿರುತ್ತಿತ್ತು. ಒಂದೊಂದು ಎಳೆಯನ್ನೂ ಕುಂಚದಂಥ ಗುರುತಿನಿಂದ ಹಿಡಿದು ಅಳಿಸಬೇಕು. ಸ್ವರದ ಗೆರೆಗೆ ತಾಗಬಾರದು. ಒಂದು ಸೆಕೆಂಡಿನ ಸಂಗೀತಕ್ಕೆ ಅರ್ಧ ಗಂಟೆ ಹಿಡಿದದ್ದೂ ಉಂಟು. ಬೆಳಿಗ್ಗೆ ಡಾಕ್ಟರಕ್ಕ ಮಲಗಿದ ಮೇಲೆ ಶುರು ಮಾಡಿ ಅವರು ಎದ್ದು ಚಹಾ ಇಡುವವರೆಗೆ, ಹದಿನಾರು ದಿನ, ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಜಾಗ ಸಾಲದೆ, ಹಿಂದಿನ ಸುತ್ತುಗಳ ಫೈಲುಗಳನ್ನು ಅಳಿಸಿ, ಶುದ್ಧ ಮಾಡಿದ್ದನ್ನು ಮೂಲದ ಮೇಲೆಯೇ ಸೇವ್ ಮಾಡುತ್ತ ಹೋದೆ. ಬ್ಯಾಕಪ್ ಇಡದವಳು ಸೌಂಡ್ ಎಂಜಿನಿಯರ್ ಅಲ್ಲ ಎಂದು ಮೊದಲ ದಿನವೇ ಕಲಿಸುತ್ತಾರೆ. ಕೆಟ್ಟದ್ದಕ್ಕೆ ಯಾವ ಬ್ಯಾಕಪ್ ಎಂದುಕೊಂಡೆ. ವರದಿಯ ಕೊನೆಯಲ್ಲಿ ಪರೀಕ್ಷಕರಿಗೆ ನನ್ನ ಶ್ರಮ ಕಾಣಲಿ ಎಂದು, ಎರಡನೇ ಹಾಡಿನಿಂದ ತೆಗೆದುಹಾಕಿದ ಸದ್ದನ್ನು ಮಾತ್ರ ಬೇರೆ ಫೈಲಾಗಿ ಇಟ್ಟುಕೊಂಡೆ. ಅದಕ್ಕೆ “ಕಸ” ಎಂದು ಹೆಸರಿಟ್ಟೆ.

ಶುದ್ಧವಾದ ಶಾಮಿಸೆನ್ ಹಾಡಿನೊಳಗೆ ನಿಲ್ಲಲೇ ಇಲ್ಲ. ಪ್ಲೆಕ್ಟ್ರಮಿನ ಏಟು ಕೇಳುತ್ತದೆ, ಅದರ ಹಿಂದೆಯೇ ಗಿಟಾರ್ ಬಂದು ಮುಚ್ಚುತ್ತದೆ. ಗಿಟಾರಿನ ದನಿಯಲ್ಲಿ ಅದೇ ಜಾಗವನ್ನು ತಗ್ಗಿಸಿದೆ, ಶಾಮಿಸೆನ್ನಿನಲ್ಲಿ ಎತ್ತಿದೆ. ತಗಡು ಬಡಿದ ಹಾಗಾಯಿತು. ಏಟನ್ನು ಒತ್ತಿ ಹಿಂದಿನ ದನಿಯನ್ನು ಉದ್ದ ಮಾಡಲು ಹೋದೆ, ಏದುಸಿರು ಬಿಟ್ಟ ಹಾಗಾಯಿತು. ಮೂರು ವಾರ ಇದೇ.

ಗಿಟಾರಿನವನಿಗೆ ಕಳಿಸಿದೆ. ವಿಡಿಯೊ ಕಾಲ್‌ನಲ್ಲಿ ಅವನು ತಲೆ ಕೆರೆದುಕೊಂಡ.

“ಗ್ರ್ಯಾಂಡ್ ಆಗಿದೆ. ಒಂದೇ ಒಂದು ಮಾತು. ನಮ್ಮ ತಾತ ಬ್ಯಾಂಜೊ ನುಡಿಸ್ತಾರೆ. ಅವರು ಯಾವಾಗ ನಮ್ಮ ಬ್ಯಾಂಡ್ ಸೇರಿದ್ರು?”

ಬ್ಯಾಂಜೊ ಕೂಡ ಚರ್ಮದ ಹೊಟ್ಟೆಯ ತಂತಿವಾದ್ಯ; ನನ್ನ ಶಾಮಿಸೆನ್ ಈಗ ಅದರಂತೆಯೇ ಕೇಳುತ್ತಿತ್ತು. ಕಾಲೇಜಿನ ನನ್ನ ಗೈಡ್ ಹೆಚ್ಚು ಮಾತಿನವರಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ತಾಂತ್ರಿಕವಾಗಿ ಚೊಕ್ಕಟವಾಗಿದೆ” ಎಂದರು. “ಇದರ ಜಾಗದಲ್ಲಿ ಬ್ಯಾಂಜೊ ಇದ್ದಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು ಅನ್ನೋದು ನಿಮ್ಮ ವರದಿಯಲ್ಲಿ ಇರಬೇಕು.” ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೂ ಪಾಸಾಗುವಷ್ಟು ಇದೆ ಎಂದು ಅವರ ಮುಖ ಹೇಳಿತು.

ಮೂರೂ ಹಾಡುಗಳನ್ನು ಶಾಮಿಸೆನ್ ನುಡಿಸಿದವರಿಗೆ ಕಳಿಸಿದೆ. ಒಂಬತ್ತು ದಿನ ಉತ್ತರವಿಲ್ಲ. ಹತ್ತನೇ ದಿನ ಬೆಳಿಗ್ಗೆ ವಿಡಿಯೊದಲ್ಲಿ ಮಾತನಾಡಬಹುದೇ ಎಂದು ಕೇಳಿದರು. ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು.

ಅವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಕೈ ನನ್ನದೇ,” ಎಂದರು. “ದನಿ ಯಾರದು ಅಂತ ಗೊತ್ತಾಗಲಿಲ್ಲ. ನೀವು ಸವರಿಯನ್ನು ತೆಗೆದಿದ್ದೀರಿ.”

ನನಗೆ ಆ ಮಾತು ಗೊತ್ತಿರಲಿಲ್ಲ. ಅವರು ವಾದ್ಯವನ್ನು ಕ್ಯಾಮೆರಾ ಹತ್ತಿರ ತಂದು ಕತ್ತಿನ ಮೇಲ್ತುದಿ ತೋರಿಸಿದರು. ಅಲ್ಲಿ ಎರಡು ತಂತಿಗಳು ಒಂದು ಸಣ್ಣ ಕಟ್ಟೆಯ ಮೇಲೆ ಹಾದುಹೋಗುತ್ತವೆ. ಮೊದಲನೆಯದು ಮಾತ್ರ ಕಟ್ಟೆ ತಪ್ಪಿಸಿಕೊಂಡು, ಕತ್ತಿಗೆ ತಾಗಿಯೂ ತಾಗದ ಹಾಗೆ ಹೋಗುತ್ತದೆ. ಕತ್ತಿನ ಹಿಂದೆ ಒಂದು ಪುಟ್ಟ ತಿರುಪು. ತಂತಿ ಮೀಟಿದರು. ನಾನು ಹದಿನಾರು ದಿನ ಅಳಿಸಿದ ಆ ಝೇಂಕಾರ ಬಂತು. ತಿರುಪು ಅರ್ಧ ಸುತ್ತು ತಿರುಗಿಸಿ ಮೀಟಿದರು. ಹೋಯಿತು. ಮತ್ತೆ ತಿರುಗಿಸಿದರು. ಬಂತು. ಮೂರನೆಯ ತಂತಿಯನ್ನು ಸರಿಯಾದ ಶ್ರುತಿಯಲ್ಲಿ ಮೀಟಿದಾಗ, ಮುಟ್ಟದಿದ್ದ ಮೊದಲನೆಯದೂ ತಾನಾಗಿ ಝೇಂಕರಿಸಿತು.

“ಇದೇ ಸವರಿ. ಇದು ಏಳದಿದ್ದರೆ ಶ್ರುತಿ ತಪ್ಪಿದೆ ಎಂದು ನಮಗೆ ತಿಳಿಯುತ್ತದೆ. ಇದನ್ನು ಕೇಳುವುದಕ್ಕೇ ನನ್ನ ಗುರು ಎರಡು ವರ್ಷ ಕೂರಿಸಿದರು.”

ತಂಬೂರಿ. ನಮ್ಮೂರಿನ ರಾಮನವಮಿ ಕಚೇರಿಗಳಲ್ಲಿ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ದಾರದ ಎಳೆ ಸರಿಸಿ ಸರಿಸಿ ಜೀವಾರಿ ಎಂಬ ಇಂಥದೇ ಝೇಂಕಾರ ಬರಿಸುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಮೈಕ್ ಹಿಡಿದು, ಇವರು ಬೇಗ ಮುಗಿಸಲಿ ಎಂದು ಕಾಯುತ್ತ ನೋಡಿದ್ದೇನೆ. ಇನ್ನೊಂದು ಕಡೆ, ಗಿಟಾರಿನವನು ಪೆಡಲ್ ಒತ್ತಿ ಬರಿಸುವ ಗೊರಗೊರ ಸದ್ದನ್ನು ಒಂದು ಎಳೆಯೂ ಮುಕ್ಕಾಗದಂತೆ ಜೋಪಾನ ಮಾಡಿದ್ದೆ. ಅದು ಸಂಗೀತ. ಇವರದು ಗಲಾಟೆ.

ಮತ್ತೊಮ್ಮೆ ನುಡಿಸಿ ಕೊಡುವಿರಾ ಎಂದು ಕೇಳಿದೆ.

ಅವರು ವಾದ್ಯವನ್ನು ತಿರುಗಿಸಿದರು. ಹೊಟ್ಟೆಯ ಹಿಂಬದಿಗೆ ಬಿಗಿದ ಚರ್ಮ ಒಂದು ಮೂಲೆಯಿಂದ ನಡುವಿನವರೆಗೆ ಸೀಳಿಹೋಗಿತ್ತು. ಕೋಣೆ ಒಮ್ಮೆ ತಣ್ಣಗೆ, ಒಮ್ಮೆ ಒಣ ಬಿಸಿಯಾದರೆ ಚರ್ಮ ತಡೆಯುವುದಿಲ್ಲವಂತೆ. ಹೊಸ ಚರ್ಮ ಬಿಗಿಯುವವರು ಐರ್ಲೆಂಡಿನಲ್ಲಿ ಯಾರೂ ಇಲ್ಲ. ಜಪಾನಿಗೆ ಕಳಿಸಿದರೆ ಬರುವುದು ಯಾವ ತಿಂಗಳಿಗೋ. ಬಾಯ್ಲರ್ ಆರಿಸಿ, ಹಾಕಿ ಎಂದು ಬರೆದವಳು ನಾನು. ಅವರು ಅದನ್ನು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಹಳೆಯದು ಅವರ ಬಳಿ ಇಲ್ಲ, ನನ್ನ ಬಳಿಯೂ ಇಲ್ಲ. ಕಳಿಸಿದ ಲಿಂಕುಗಳ ಅವಧಿ ಎಂದೋ ಮುಗಿದಿತ್ತು.

“ನಿಮಗೆ ಡಿಗ್ರಿ ಬೇಕು,” ಎಂದರು ಅವರು. “ಇದನ್ನೇ ಕೊಡಿ. ನಾನು ಯಾರಿಗೂ ಏನೂ ಹೇಳುವುದಿಲ್ಲ. ನನ್ನ ಹೆಸರು ಮಾತ್ರ ಹಾಕಬೇಡಿ.”

ಆಮೇಲಿನ ಎರಡು ದಿನ ನಾನು ಲ್ಯಾಪ್‌ಟಾಪ್ ತೆರೆಯಲಿಲ್ಲ. ಶ್ಯಾನನ್ ನದಿಯ ಸೇತುವೆಯವರೆಗೆ ಹೋಗುವುದು, ಬರುವುದು. ಅಂಗಡಿಗಳೆಲ್ಲ ಮುಚ್ಚಿ ಊರು ಖಾಲಿ. ಹೆಸರು ಹಾಕದೆ ಕೊಡಬಹುದು, ಯಾರಿಗೆ ತಿಳಿಯುತ್ತದೆ ಎಂದು ಹೋಗುವಾಗ ಅನ್ನಿಸುತ್ತಿತ್ತು. ಬರುವಾಗಲೂ ಅದೇ ಅನ್ನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಾಗೇ ಕೊಟ್ಟುಬಿಡುವ ಆಸೆ ಬಲವಾಗಿತ್ತು. ಹದಿನೈದು ವರ್ಷದಿಂದ ಡಿಗ್ರಿ ಡಿಗ್ರಿ ಎಂದು ಬಡಿದಾಡಿದವಳು ನಾನು. ಊಟ ಸೇರುತ್ತಿರಲಿಲ್ಲ. ಮನೆಗೆ ಫೋನ್ ಮಾಡಿದರೆ ಅಳು ಬರುತ್ತದೆಂದು ಮಾಡಲಿಲ್ಲ.

ಡಾಕ್ಟರಕ್ಕ ಅನ್ನಕ್ಕೆ ತಿಳಿಸಾರು ಹಾಕಿ ಮುಂದಿಟ್ಟು, “ಹೇಳು” ಎಂದರು. ಎಲ್ಲ ಹೇಳಿದೆ.

“ಡಯಾಗ್ನೋಸಿಸ್ ತಪ್ಪಾದ್ಮೇಲೆ ಟ್ರೀಟ್‌ಮೆಂಟ್ ಎಷ್ಟು ಚೆನ್ನಾಗಿ ಕೊಟ್ರೂ ಅಷ್ಟೇ ಕಣೇ. ನಾವೂ ಮಾಡ್ತೀವಿ.” ಸಾರಿನ ಪಾತ್ರೆ ಮುಚ್ಚುತ್ತ ಕೇಳಿದರು, “ನಾವು ತೆಗೆದಿದ್ದನ್ನ ಲ್ಯಾಬಿಗೆ ಕಳಿಸ್ತೀವಿ, ಬಿಸಾಕಲ್ಲ. ನೀನೇನು ಮಾಡ್ದೆ ತೆಗೆದಿದ್ದನ್ನ?”

ತುತ್ತನ್ನು ತಟ್ಟೆಗೇ ಬಿಟ್ಟು ಎದ್ದೆ. “ಕಸ” ಎಂಬ ಫೈಲು.

ಶುದ್ಧ ಮಾಡಿದ್ದು ಎಂದರೆ ಮೂಲದಲ್ಲಿ ಕಸ ಕಳೆದದ್ದು. ಅದಕ್ಕೆ ಕಸ ಕೂಡಿಸಿದರೆ ಮೂಲ ಬರಬೇಕು. ಇದು ಯಾವ ಪವಾಡವೂ ಅಲ್ಲ, ಕೂಡುವ ಕಳೆಯುವ ಲೆಕ್ಕ. ಎರಡನ್ನೂ ಅಕ್ಕಪಕ್ಕದ ಟ್ರ್ಯಾಕಿನಲ್ಲಿಟ್ಟು ಒಟ್ಟಿಗೆ ನುಡಿಸಿದೆ. ಬಂದದ್ದು ಪೈಪಿನೊಳಗೆ ಕೂತು ನುಡಿಸಿದಂಥ ಟೊಳ್ಳು ದನಿ. ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದೆ. ಆಮೇಲೆ ಹೊಳೆಯಿತು. ಕಸವನ್ನು ಬೇರೆ ಮಾಡುವಾಗ ಸಾಫ್ಟ್‌ವೇರ್ ಅದರ ಮುಂದೆ ಕಣ್ಣು ಮಿಟುಕಿಸುವಷ್ಟೂ ಇಲ್ಲದ ಒಂದು ಖಾಲಿ ಜಾಗ ಸೇರಿಸಿರುತ್ತದೆ. ಎರಡರ ಅಲೆಗಳೂ ಹೊಂದುತ್ತಿಲ್ಲ. ಚಿತ್ರವನ್ನು ಹಿಗ್ಗಿಸಿ, ಕಸದ ಟ್ರ್ಯಾಕನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸುವುದು, ಕೇಳುವುದು, ಸರಿಸುವುದು, ಕೇಳುವುದು. ಸಂಜೆಯ ಹೊತ್ತಿಗೆ ಟೊಳ್ಳು ಮಾಯವಾಯಿತು. ತಂತಿ ಎದ್ದು ಕೂತಿತು.

ಆಗೊಮ್ಮೆ ಬರೀ ಕಸದ ಟ್ರ್ಯಾಕನ್ನು ಕೇಳಿದೆ. ಅಷ್ಟು ದಿನ ಅದನ್ನು ನೋಡಿದ್ದೆನೇ ಹೊರತು ಕೇಳಿರಲಿಲ್ಲ. ಸ್ವರವಿಲ್ಲದ ಬರೀ ಝೇಂಕಾರ. ಏಳುತ್ತಿತ್ತು, ತೆಳ್ಳಗಾಗುತ್ತಿತ್ತು, ಇನ್ನೇನು ಹೋಯಿತು ಅನ್ನುವಾಗ ಮುಂದಿನದು ಎತ್ತಿಕೊಳ್ಳುತ್ತಿತ್ತು. ಯಾವ ಹಾಡು ಎಂದು ಅದರಲ್ಲೇ ಗುರುತು ಸಿಗುತ್ತಿತ್ತು.

ಆದರೆ ಇದು ಒಂದೇ ಹಾಡಿನದು. ಉಳಿದೆರಡಕ್ಕೆ ಕಸವನ್ನು ನಾನು ಇಟ್ಟಿರಲಿಲ್ಲ.

ಆ ದಿನ ಅಪ್ಪನಿಗೆ ಫೋನ್ ಮಾಡಿದೆ. ಹಮ್ಮಿಂಗ್ ಅಂತ ತಿಳಿದು ವಾದ್ಯದ ದನಿಯನ್ನೇ ತೆಗೆದುಬಿಟ್ಟೆ ಎಂದೆ. ಅವರು ಬೈಯುತ್ತಾರೇನೋ ಎಂದು ಕಾದೆ.

“ಎಷ್ಟ್ ಸಲ ನೋಡಿದೀಯ ನೀನು, ಓಲಗದೋರು ಬಂದ್ರೆ ಮೊದಲು ಅವರ ಹತ್ರ ಕೂತು ಕಾಫಿ ಕುಡಿತೀನಿ, ಆಮೇಲೆ ಮೈಕ್ ಇಡ್ತೀನಿ. ಸುಮ್ನೆ ಕುಡಿತೀನಿ ಅಂದ್ಕೊಂಡ್ಯಾ?” ಎಂದರು. “ನೀನು ವೈರನ್ನ ಕೇಳ್ದೆ. ನುಡಿಸೋರನ್ನ ಕೇಳ್ಲಿಲ್ಲ. ಈಗ ಕೇಳು, ಹೋಗು.”

ಮಾರನೆಯ ದಿನ ಗೈಡ್‌ಗೆ ಎಲ್ಲವನ್ನೂ ಹೇಳಿದೆ. ಕೊಡಲು ಎರಡು ದಾರಿ ಇವೆ ಎಂದೆ. ಹೆಸರಿಲ್ಲದ ಮೂರು ಹಾಡು, ಇಲ್ಲವೇ ಅವರ ಹೆಸರಿರುವ ಒಂದೇ ಹಾಡು ಮತ್ತು ನಾನು ಮಾಡಿದ ತಪ್ಪಿನ ಪೂರ್ತಿ ವರದಿ.

“ನಿಯಮದಲ್ಲಿ ಮೂರು ಅಂತಿದೆ,” ಎಂದರು ಅವರು. “ಒಂದನ್ನು ಕೊಟ್ಟರೆ ಪಾಸಾಗ್ತೀರಿ ಅಂತ ನಾನು ಹೇಳಲಾರೆ. ಮುಂದಕ್ಕೆ ಹಾಕಿ, ಶರತ್ಕಾಲದಲ್ಲಿ ಕೊಡಿ.”

“ಶರತ್ಕಾಲಕ್ಕೆ ನಾನು ಈ ದೇಶದಲ್ಲಿ ಇರೋದಿಲ್ಲ ಸರ್.”

“ಹಾಗಾದರೆ ಮೂರನ್ನೂ ಕೊಡೋದು ಕ್ಷೇಮ.”

“ಒಂದನ್ನೇ ಕೊಡ್ತೀನಿ,” ಎಂದೆ. ಧೈರ್ಯ ಎನ್ನಬೇಡಿ. ಹೇಳಿದ ಮೇಲೆ ವೀಸಾ ಮುಗಿಯುವ ತಾರೀಕನ್ನು ಮತ್ತೆ ತೆರೆದು ನೋಡಿದೆ. ಆದರೆ ಅವರ ಹೆಸರನ್ನು ಬಿಟ್ಟು ನನ್ನ ಹೆಸರನ್ನು ಮಾತ್ರ ಬರೆಯುವ ಆ ಮುಖಪುಟವನ್ನು ಎಷ್ಟು ಸಲ ಕಲ್ಪಿಸಿಕೊಂಡರೂ ಕಣ್ಣಿಗೆ ಹಿಡಿಸಲಿಲ್ಲ.

ಒಂಬತ್ತು ದಿನ ಇತ್ತು. ಮೊದಲು ಆಡಮ್ಸ್‌ಟೌನಿಗೆ ಶಾಮಿಸೆನ್ನಿನವರ ಮನೆಗೆ ವಿಡಿಯೊ ಕಾಲ್ ಮಾಡಿ, ಇಬ್ಬರೂ ಒಂದೊಂದು ಲೋಟ ಚಹಾ ಹಿಡಿದು ಕೂತೆವು. ಹಾಡನ್ನು ಸಾಲು ಸಾಲಾಗಿ ಕೇಳಿಸಿ, ಇಲ್ಲಿ ಸವರಿ ಎಷ್ಟು ಹೊತ್ತು ನಿಲ್ಲಬೇಕು, ಇಲ್ಲಿ ಯಾರು ಅದಕ್ಕೆ ಅಡ್ಡ ಬರುತ್ತಿದ್ದಾರೆ ಎಂದು ಕೇಳಿ ಬರೆದುಕೊಂಡೆ. ಅಡ್ಡ ಬರುತ್ತಿದ್ದದ್ದು ಎಲ್ಲ ಕಡೆಯೂ ಒಬ್ಬನೇ.

“ನನ್ನ ಪೆಡಲ್ ತೆಗೀಬೇಕಾ?” ಎಂದ ಗಿಟಾರಿನವನು, ಆಮೇಲೆ ಅವನಿಗೆ ಫೋನ್ ಮಾಡಿದಾಗ. “ಪೂರ್ತಿ?”

“ಚರಣದಲ್ಲಿ ಪೂರ್ತಿ. ಪಲ್ಲವಿಯಲ್ಲಿ ಅವರು ಮೀಟಿದ ಮೇಲೆ ಎರಡು ಮಾತ್ರೆ ಬಿಟ್ಟು ನೀವು ಬನ್ನಿ.”

“ಪೆಡಲ್ ಇಲ್ಲದೆ ನಾನು ನುಡಿಸಿದರೆ ನನ್ನ ತಪ್ಪೆಲ್ಲ ಕೇಳಿಸುತ್ತೆ.”

“ನನ್ನ ತಪ್ಪಿನ ಬಗ್ಗೆ ನಾನು ನಲವತ್ತು ಪುಟ ಬರೀತಿದೀನಿ,” ಎಂದೆ.

ಅವನು ನಕ್ಕ. ನಾಲ್ಕು ದಿನ ತೆಗೆದುಕೊಂಡು ಮತ್ತೆ ನುಡಿಸಿದ. ಚೆನ್ನಾಗಿಯೇ ನುಡಿಸಿದ. ಗಿಟಾರ್ ಬಿಟ್ಟುಕೊಟ್ಟ ಜಾಗದಲ್ಲಿ ಝೇಂಕಾರ ತಾನಾಗಿ ಮುಂದೆ ಬಂತು. ನಾನು ಎತ್ತಬೇಕಾಗಲಿಲ್ಲ. ಡ್ರಮ್ಸಿನ ಏಟಿನ ನಡುವೆ ಅದರ ಬಾಲ ಕೇಳುವಂತೆ ಸ್ವಲ್ಪ ಒತ್ತಿದೆ, ಅಷ್ಟೇ. ಪಲ್ಲವಿಯಲ್ಲಿ ಎರಡು ಮಾತ್ರೆ ಕಾದು ಗಿಟಾರ್ ನುಗ್ಗಿದಾಗ ಎರಡು ಗೊರಗೊರಗಳೂ ಒಂದರ ಹೆಗಲ ಮೇಲೆ ಇನ್ನೊಂದು ಕೈ ಹಾಕಿದ ಹಾಗೆ ಹೋದವು. ಬ್ಯಾಂಜೊ ಇದ್ದಿದ್ದರೆ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ವರದಿಯಲ್ಲಿ ಹನ್ನೊಂದು ಪುಟದ ಉತ್ತರ ಬರೆದೆ. ಚರ್ಮ ಸೀಳಿದ್ದು ಯಾಕೆ ಎಂಬುದನ್ನೂ ಬರೆದೆ. ಹಾಡನ್ನು ಅವರಿಗೆ ಕಳಿಸಿದಾಗ ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅವರ ಹೆಸರನ್ನು ಸರಿಯಾಗಿ ಹೇಗೆ ಬರೆಯಬೇಕು ಎಂಬುದಷ್ಟೇ ಅದರಲ್ಲಿತ್ತು.

ಮೌಖಿಕ ಪರೀಕ್ಷೆ ವಿಡಿಯೊದಲ್ಲೇ ನಡೆಯಿತು. ಹೊರಗಿನ ಪರೀಕ್ಷಕಿ ಮೊದಲ ಪ್ರಶ್ನೆಗೇ ಅಲ್ಲಿಗೆ ಬಂದರು: “ಮೂರು ಇರಬೇಕಾದಲ್ಲಿ ಒಂದು ಯಾಕೆ?” ಕಸದ ಫೈಲನ್ನು ಬಿಡಿಯಾಗಿ ಕೇಳಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬರೆದುಕೊಂಡರು. ಐದು ವಾರ ಕಾದೆ. ಆ ಐದು ವಾರದ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಹಾಡಿನ ಸಂಖ್ಯೆಗೆ ಅಂಕ ಕಳೆದಿದ್ದರು. ವರದಿಗೆ ಕೊಟ್ಟಿದ್ದರು. ಎರಡನೇ ದರ್ಜೆಯಲ್ಲಿ ಪಾಸು.

ವೀಸಾ ಮುಗಿಯುವ ಮುಂಚೆಯೇ ಘಟಿಕೋತ್ಸವ ಕಂಪ್ಯೂಟರಿನಲ್ಲಿ ಆಯಿತು. ಸರ್ಟಿಫಿಕೇಟ್ ಮಾತ್ರ ಗಟ್ಟಿ ರಟ್ಟಿನ ಲಕೋಟೆಯಲ್ಲಿ ಪೋಸ್ಟಿನಲ್ಲಿ ಬಂತು. ಬಾಗಿಲಲ್ಲೇ ಲಕೋಟೆ ಹರಿಯಲು ಹೊರಟಿದ್ದೆ. ಡಾಕ್ಟರಕ್ಕ ಕಿತ್ತುಕೊಂಡರು.

“ಹಾಗೆಲ್ಲ ತಗೋಬಾರ್ದು. ಮುಖ ತೊಳ್ಕೊಂಡು ಬಾ. ಮನೆಗೆ ವಿಡಿಯೊ ಹಾಕು.”

ಡ್ಯೂಟಿಗೆ ಹೊರಟಿದ್ದವರು ಆಸ್ಪತ್ರೆಯ ಬಟ್ಟೆಯಲ್ಲೇ ಅಡುಗೆಮನೆಯ ಮೇಜಿನ ಆಚೆ ನಿಂತರು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದೆ. ಅಪ್ಪ, ಅಮ್ಮ ಪಕ್ಕ ಪಕ್ಕ ಕೂತಿದ್ದರು. ಡಾಕ್ಟರಕ್ಕ ನನ್ನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕರೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

“ಓದಮ್ಮ,” ಎಂದರು ಅಪ್ಪ.

ಕಾಲೇಜಿನ ಹೆಸರು, ನನ್ನ ಹೆಸರು, ಡಿಗ್ರಿಯ ಹೆಸರು ಓದಿದೆ. ಓದಿ ಮುಗಿಸಿ ಫೋನಿಗೆ ಹಿಡಿದೆ. ಅಮ್ಮ ಪರದೆಯ ಹತ್ತಿರ ಬಂದು ಹುಡುಕಿದಳು. ಅವಳಿಗೆ ಇಂಗ್ಲಿಷ್ ಬಾರದು.

“ಅಪ್ಪನ ಹೆಸರು ಎಲ್ಲೈತೆ ಇದರಾಗೆ?”

“ಇಲ್ಲಿ ಅಪ್ಪ ಅಮ್ಮನ ಹೆಸರು ಹಾಕಲ್ಲಮ್ಮ. ಓದಿದವರದ್ದು ಮಾತ್ರ.”

ಅಪ್ಪ ಏನೋ ಹೇಳಲು ಹೊರಟರು. ಅಮ್ಮ ಅವರ ತೋಳಿನ ಮೇಲೆ ಕೈಯಿಟ್ಟು ತಡೆದಳು.

“ಅದೇ ಸರಿ,” ಎಂದಳು. “ಕಷ್ಟ ಬಿದ್ದೋಳು ನೀನು. ಇನ್ನೊಂದ್ಸಲ ಓದು. ನಿನ್ನ ಹೆಸರಿರೋ ಸಾಲು ಮಾತ್ರ.”